ಬಾಟಮ್ ಬ್ರಾಕೆಟ್ ಥ್ರೆಡ್: ಯಾವ ಫ್ರೇಮಿಗೆ ಧೈರ್ಯವಾಗಿ ಕೈ ಹಾಕಬಹುದು, ಎಲ್ಲಿ ಸ್ವಲ್ಪ ತಡೆಯಬೇಕು

ಹಳೆಯ ಸ್ಟೀಲ್ ಸೈಕಲ್ ಫ್ರೇಮ್ ಒಂದು ಕಡಿಮೆ ಬೆಲೆಗೆ ಸಿಗುತ್ತಿದೆ, ತಗೊಳ್ಳಲಾ? ಹೊಸ ಫ್ರೇಮ್ ಎರಡು ಇಷ್ಟವಾಗಿವೆ, ಒಂದರಲ್ಲಿ ಬಿಎಸ್‌ಎ ಅಂತಿದೆ, ಇನ್ನೊಂದರಲ್ಲಿ ಟಿ47 ಅಂತಿದೆ, ಯಾವುದು ವಾಸಿ? ಈ ಥರದ ಪ್ರಶ್ನೆಗಳು ನನಗೆ ಆಗಾಗ ಬರುತ್ತವೆ. ಕೇಳುವವರು ಬಣ್ಣ ನೋಡಿರುತ್ತಾರೆ, ಒಂದು ಕೈಯಲ್ಲಿ ಎತ್ತಿ ತೂಕ ನೋಡಿರುತ್ತಾರೆ, ಸೈಜ್ ಸರಿಹೋಗುತ್ತಾ ಅಂತ ಕಾಲು ಹಾಕಿಯೂ ನೋಡಿರುತ್ತಾರೆ. ಕ್ರ್ಯಾಂಕ್, ಅಂದರೆ ಪೆಡಲ್ ಹಿಡಿದಿರುವ ತೋಳು, ತಿರುಗುವ ಜಾಗದಲ್ಲಿ ಏನಿದೆ ಅಂತ ಮಾತ್ರ ಬಗ್ಗಿ ನೋಡಿರುವುದಿಲ್ಲ.

ಬಾಟಮ್ ಬ್ರಾಕೆಟ್ ಅಂದರೆ, ಬಾಯಿಮಾತಲ್ಲಿ ಬಿಬಿ ಅಂದರೆ, ಇಷ್ಟೇ: ಕ್ರ್ಯಾಂಕಿನ ಆಕ್ಸಲ್ ತಿರುಗಲು ಎರಡು ಬೇರಿಂಗ್, ಆ ಬೇರಿಂಗ್ ಕೂರಲು ಎರಡು ಕಪ್. ಈ ಕಪ್‌ಗಳು ಫ್ರೇಮಿನ ತಳದಲ್ಲಿ ಅಡ್ಡಲಾಗಿರುವ ಗಿಡ್ಡ ಕೊಳವೆಯೊಳಗೆ ಎರಡೂ ಕಡೆಯಿಂದ ತಿರುಗಿಕೊಂಡು ಹೋಗುತ್ತವೆ. ಆ ಕೊಳವೆಗೆ ಶೆಲ್ ಅನ್ನುತ್ತಾರೆ. ಬೇರಿಂಗ್ ಸವೆದರೆ ಒಂದು ಮಧ್ಯಾಹ್ನದಲ್ಲಿ ಬದಲಾಯಿಸಬಹುದು. ಕ್ರ್ಯಾಂಕ್ ಬೇಡವೆನಿಸಿದರೆ ಬೇರೆಯದು ಹಾಕಬಹುದು. ಶೆಲ್ಲಿನೊಳಗಿನ ಥ್ರೆಡ್ ಹಾಗಲ್ಲ, ಫ್ರೇಮ್ ಇರುವವರೆಗೆ ಹೆಚ್ಚುಕಮ್ಮಿ ಅದೇ. ಬಿಎಸ್‌ಎ, ಟಿ47 ಅನ್ನುವುದೆಲ್ಲ ಈ ಥ್ರೆಡ್ಡಿನ ಬೇರೆ ಬೇರೆ ಅಳತೆಗಳ ಹೆಸರು. ಹಾಗಾಗಿ ನನ್ನ ಲೆಕ್ಕ ಇದು: ಕ್ರ್ಯಾಂಕ್ ನೋಡಿ ಫ್ರೇಮ್ ಆರಿಸಬೇಡಿ, ಶೆಲ್ ನೋಡಿ ಆರಿಸಿ.

ಇದನ್ನು ನಾನು ಒಂದು ಫ್ರೇಮ್ ಕೆಡಿಸಿಕೊಂಡೇ ಕಲಿತೆ. ಹಳೆಯ ಫ್ರೆಂಚ್ ಫ್ರೇಮ್ ಒಂದನ್ನು ಆಸೆಪಟ್ಟು ತಂದಿದ್ದೆ. ಫ್ರೆಂಚ್ ಅನ್ನುವುದು ಗೊತ್ತಿತ್ತು, ಥ್ರೆಡ್ ಕೂಡ ಫ್ರೆಂಚ್ ಇರುತ್ತದೆ ಅನ್ನುವುದು ಗೊತ್ತಿರಲಿಲ್ಲ. ರಿಪೇರಿಯವರು ಮಾಮೂಲಿ ಬಿಎಸ್‌ಎ ಕಪ್ ತೆಗೆದುಕೊಂಡು ಎಡಗಡೆಯಿಂದ ಶುರು ಮಾಡಿದರು. ಎರಡು ಮೂರು ಸುತ್ತು ಬೆರಳಲ್ಲೇ ಸರಾಗವಾಗಿ ಹೋಯಿತು. ಆಮೇಲೆ ಬಿಗಿಯಾಯಿತು. "ಪೇಂಟ್ ಕೂತಿರಬೇಕು, ಸ್ವಲ್ಪ ಟೈಟ್ ಅಷ್ಟೆ" ಅಂತ ಉದ್ದ ಹಿಡಿಯ ಸ್ಪ್ಯಾನರ್ ಹಾಕಿದರು. ಕಪ್ ಕಿರುಗುಟ್ಟುತ್ತಾ ಒಳಗೆ ಹೋಯಿತು. ಬಲಗಡೆಯ ಕಪ್ ಮಾತ್ರ ಎಷ್ಟು ತಿರುಗಿಸಿದರೂ ಹಿಡಿಯಲೇ ಇಲ್ಲ. ಆಗ ಇಬ್ಬರಿಗೂ ಅನುಮಾನ ಬಂತು. ಎಡಗಡೆಯದನ್ನು ಬಿಚ್ಚಿ ನೋಡಿದರೆ ಗ್ರೀಸಿನ ಜೊತೆ ಕೂದಲಿನಷ್ಟು ಸಣ್ಣ ಸ್ಟೀಲಿನ ಎಳೆಗಳು ಸುರುಳಿ ಸುರುಳಿಯಾಗಿ ಅಂಟಿಕೊಂಡಿದ್ದವು. ಅದು ಪೇಂಟ್ ಅಲ್ಲ, ನನ್ನ ಫ್ರೇಮಿನ ಥ್ರೆಡ್.

ಏನಾಗಿತ್ತು ಅಂದರೆ, ಬಿಎಸ್‌ಎ ಕಪ್ಪಿನ ವ್ಯಾಸ 1.370 ಇಂಚು, ಅಂದರೆ ಸುಮಾರು 34.8 ಮಿ.ಮೀ. ಫ್ರೆಂಚ್‌ನದು 35. ಕಣ್ಣಿಗೆ ಎರಡೂ ಒಂದೇ. ಆದರೆ ಬಿಎಸ್‌ಎಯಲ್ಲಿ ಇಂಚಿಗೆ 24 ಥ್ರೆಡ್, ಅಂದರೆ ಒಂದು ಸುತ್ತಿಗೆ 1.058 ಮಿ.ಮೀ. ಒಳಗೆ ಹೋಗುತ್ತದೆ. ಫ್ರೆಂಚ್‌ನಲ್ಲಿ ಸುತ್ತಿಗೆ ಸರಿಯಾಗಿ 1 ಮಿ.ಮೀ. ಒಂದು ಸುತ್ತಿನಲ್ಲಿ ಈ ವ್ಯತ್ಯಾಸ ಏನೂ ಅಲ್ಲ. ಎಂಟು ಸುತ್ತು ಹೋಗುವಷ್ಟರಲ್ಲಿ ಹತ್ತಿರ ಹತ್ತಿರ ಅರ್ಧ ಥ್ರೆಡ್ಡಿನಷ್ಟು ತಪ್ಪಿರುತ್ತದೆ. ಆಮೇಲೆ ಗಟ್ಟಿ ಸ್ಟೀಲಿನ ಕಪ್ ಮೆತ್ತಗಿರುವ ಶೆಲ್ಲನ್ನು ಕೊರೆದುಕೊಂಡೇ ಮುಂದೆ ಹೋಗಬೇಕು.

ಏನೇನು ತೂಗಿ ನೋಡಬೇಕು

ಮೊದಲನೆಯದು, ಬಿಡಿಭಾಗ ಸಿಗುತ್ತಾ ಅನ್ನುವುದು. ಇವತ್ತು ಮಾತ್ರವಲ್ಲ, ಹತ್ತು ವರ್ಷದ ಮೇಲೂ. ಎರಡನೆಯದು, ಯಾವ ಆಕ್ಸಲ್ ಹಿಡಿಸುತ್ತದೆ. ಹಳೆಯ ಚೌಕದ ತುದಿಯ ಆಕ್ಸಲ್ಲೋ, ಶಿಮಾನೋ ಕಂಪನಿಯ 24 ಮಿ.ಮೀ. ದಪ್ಪದ್ದೋ, ಸ್ರಾಮ್ ಕಂಪನಿಯ ಡಬ್ ಅನ್ನುವ 28.99 ಮಿ.ಮೀ.ಯದ್ದೋ, 30 ಮಿ.ಮೀ.ಯದ್ದೋ? ಶೆಲ್ಲಿನ ಬಾಯಿ ಎಷ್ಟಿದೆಯೋ ಅಷ್ಟರೊಳಗೆ ಆಕ್ಸಲ್ಲೂ ಬೇರಿಂಗೂ ಎರಡೂ ಕೂರಬೇಕಲ್ವಾ. ಆಕ್ಸಲ್ ದಪ್ಪವಾದಷ್ಟೂ ಬೇರಿಂಗಿನ ಗುಂಡುಗಳಿಗೆ ಜಾಗ ಕಮ್ಮಿ. ಮೂರನೆಯದು ಟೂಲ್‌ಗಳು: ನಿಮ್ಮ ಹತ್ತಿರ ಇವೆಯಾ, ಇಲ್ಲದಿದ್ದರೆ ಮಾಡಿಕೊಡುವವರ ಹತ್ತಿರವಾದರೂ ಇವೆಯಾ. ನಾಲ್ಕನೆಯದು, ಓಡಿಸುತ್ತಾ ಓಡಿಸುತ್ತಾ ಕಪ್ ತಾನಾಗಿ ಲೂಸ್ ಆಗುವ ಚಾಳಿ ಇದೆಯಾ.

ಈ ನಾಲ್ಕನೆಯದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಉಲ್ಟಾ ಥ್ರೆಡ್, ಅಂದರೆ ಎಡಕ್ಕೆ ತಿರುಗಿಸಿದರೆ ಬಿಗಿಯಾಗುವ ಥ್ರೆಡ್, ಅನ್ನುವ ಗೊಂದಲದ ಬೇರು ಇಲ್ಲಿದೆ. ಡಬ್ಬಿಯ ಮುಚ್ಚಳವನ್ನು ಅಂಗಾತ ಇಟ್ಟು, ಅದರೊಳಗೆ ಒಂದು ನಾಣ್ಯ ಹಾಕಿ. ನಾಣ್ಯವನ್ನು ಅಂಚಿಗೆ ಒತ್ತಿ, ಜಾರಲು ಬಿಡದೆ, ಗಡಿಯಾರದ ದಿಕ್ಕಿನಲ್ಲಿ ಮುಚ್ಚಳದ ಸುತ್ತ ಉರುಳಿಸಿ. ನಾಣ್ಯದ ಮೇಲಿನ ಚಿತ್ರ ಯಾವ ಕಡೆ ತಿರುಗುತ್ತದೆ ನೋಡಿ. ಉಲ್ಟಾ ತಿರುಗುತ್ತದೆ! ಶೆಲ್ಲಿನೊಳಗೆ ಕೂತ ಕಪ್ಪಿಗೂ ಇದೇ ಗತಿ. ಕ್ರ್ಯಾಂಕ್ ಸುತ್ತುವಾಗ ಒತ್ತಡ ಕಪ್ಪಿನ ಸುತ್ತ ಸುತ್ತುತ್ತಾ ಹೋಗುತ್ತದೆ, ಕಪ್ ಕಣ್ಣಿಗೆ ಕಾಣದಷ್ಟು ನಿಧಾನವಾಗಿ ಎದುರು ದಿಕ್ಕಿಗೆ ತೆವಳುತ್ತದೆ. ಬಲಗಡೆಯಿಂದ ನೋಡಿದರೆ ಕ್ರ್ಯಾಂಕ್ ಗಡಿಯಾರದ ದಿಕ್ಕಿಗೆ ಸುತ್ತುತ್ತದೆ, ಅಲ್ಲಿಗೆ ಕಪ್ ತೆವಳುವುದು ಸಾಮಾನ್ಯ ಥ್ರೆಡ್ ಬಿಚ್ಚಿಕೊಳ್ಳುವ ಕಡೆಗೆ. ಅದಕ್ಕೇ ಬಲಗಡೆ ಉಲ್ಟಾ ಥ್ರೆಡ್ ಕೊಟ್ಟರೆ ತೆವಳಿದಷ್ಟೂ ಬಿಗಿಯಾಗುತ್ತದೆ. (ಪೆಡಲ್‌ನಲ್ಲಿ ಎಡಗಡೆಯದು ಉಲ್ಟಾ, ಇಲ್ಲಿ ಬಲಗಡೆಯದು ಉಲ್ಟಾ. ಎರಡನ್ನೂ ಕಲಸಿಕೊಂಡು ಒದ್ದಾಡದವರು ಯಾರೂ ಇಲ್ಲ ಬಿಡಿ.)

ಬಿಎಸ್‌ಎ

ಬಂದೂಕಿನಿಂದ ಶುರುಮಾಡಿ ಸೈಕಲ್, ಮೋಟಾರ್ ಸೈಕಲ್ ತನಕ ಬಂದ ಬರ್ಮಿಂಗ್‌ಹ್ಯಾಮ್ ಸ್ಮಾಲ್ ಆರ್ಮ್ಸ್ ಕಂಪನಿಯ ಹೆಸರು ಈ ಥ್ರೆಡ್ಡಿಗೆ ಅಂಟಿಕೊಂಡಿದೆ. ಇಂಗ್ಲಿಷ್ ಥ್ರೆಡ್, ಐಎಸ್ಒ ಥ್ರೆಡ್ ಅಂದರೂ ಇದೇ. ಹಳೆಯ ಕಪ್ ಮೇಲೆ 1.370 ಅಂತಲೂ 1.375 ಅಂತಲೂ ಕಾಣಬಹುದು, ತಲೆ ಕೆಡಿಸಿಕೊಳ್ಳಬೇಡಿ, ಒಂದಕ್ಕೊಂದು ಹೊಂದುತ್ತವೆ. ಬಲಗಡೆ ಉಲ್ಟಾ, ಎಡಗಡೆ ಮಾಮೂಲಿ.

ಸಿಗುವಿಕೆಯಲ್ಲಿ ಇದಕ್ಕೆ ಸಾಟಿಯಿಲ್ಲ. ಅತಿ ಅಗ್ಗದ ಚೌಕ ತುದಿಯ ಕಾರ್ಟ್ರಿಡ್ಜ್‌ನಿಂದ (ಆಕ್ಸಲ್, ಬೇರಿಂಗ್ ಒಂದೇ ಕಟ್ಟಾಗಿ ಬರುವ ಬಿಬಿ) ಹಿಡಿದು ದುಬಾರಿ ಸೆರಾಮಿಕ್ ಬೇರಿಂಗ್ ತನಕ ಎಲ್ಲವೂ ಮೊದಲು ಬರುವುದು ಇದಕ್ಕೇ. ಟೂಲ್ ಕೂಡ ಹಾಗೇ, ಸೈಕಲ್ ರಿಪೇರಿ ಮಾಡುವ ಬಹುತೇಕ ಎಲ್ಲರ ಹತ್ತಿರ ಇರುತ್ತದೆ. 24 ಮಿ.ಮೀ. ಆಕ್ಸಲ್ಲಿಗೆ ಇದು ಹೇಳಿ ಮಾಡಿಸಿದ ಜೋಡಿ, ಬೇರಿಂಗ್ ಶೆಲ್ಲಿನ ಹೊರಗೆ ಕೂರುತ್ತದೆ, ಗುಂಡುಗಳಿಗೆ ಬೇಕಾದಷ್ಟು ಜಾಗ. ಡಬ್ ಕೂಡ ಆಗುತ್ತದೆ. 30 ಮಿ.ಮೀ. ಆಕ್ಸಲ್ಲನ್ನೂ ತೂರಿಸಬಹುದು, ಅದಕ್ಕೆ ಕಪ್ ಮಾಡುವವರಿದ್ದಾರೆ. ಆದರೆ ಬೇರಿಂಗ್ ತೆಳ್ಳಗಾಗುತ್ತದೆ, ಮಳೆ ಕೆಸರಲ್ಲಿ ಓಡಿಸುವವರು ಬೇಗ ಬೇಗ ಬದಲಾಯಿಸಬೇಕಾಗುತ್ತದೆ.

ಇದರಲ್ಲೂ ಎಡವುವ ಜಾಗ ಒಂದಿದೆ, ಅಗಲ. ರೋಡ್ ಸೈಕಲ್ಲಿನ ಶೆಲ್ 68 ಮಿ.ಮೀ., ಮೌಂಟನ್ ಬೈಕಿನದು 68 ಅಥವಾ 73, ಡೌನ್‌ಹಿಲ್‌ನದು 83, ದಪ್ಪ ಟೈರಿನ ಫ್ಯಾಟ್ ಬೈಕಿನದು 100. ಥ್ರೆಡ್ ಎಲ್ಲದರಲ್ಲೂ ಒಂದೇ. ಮೌಂಟನ್ ಬೈಕಿನ ಕ್ರ್ಯಾಂಕನ್ನು 2.5 ಮಿ.ಮೀ. ಸ್ಪೇಸರ್‌ಗಳಿಂದ (ನಡುವೆ ಹಾಕುವ ಉಂಗುರ) 68ಕ್ಕೂ 73ಕ್ಕೂ ಹೊಂದಿಸಬಹುದು. ಮಾಮೂಲಿ 24 ಮಿ.ಮೀ. ರೋಡ್ ಕ್ರ್ಯಾಂಕ್ ಮಾತ್ರ 73ರ ಶೆಲ್ಲಿಗೆ ಸಾಲುವುದಿಲ್ಲ, ಆಕ್ಸಲ್ ಗಿಡ್ಡವಾಗುತ್ತದೆ.

ಇಟಾಲಿಯನ್

36 ಮಿ.ಮೀ. ವ್ಯಾಸ, ಇಂಚಿಗೆ 24 ಥ್ರೆಡ್, ಶೆಲ್ ಅಗಲ 70. ವ್ಯಾಸ ಮಿಲಿಮೀಟರಿನಲ್ಲಿ, ಥ್ರೆಡ್ ಇಂಚಿನಲ್ಲಿ. ಯಾರು ಹೀಗೆ ಕೂಡಿಸಿದರೋ! ಇರಲಿ. ಇಲ್ಲಿ ಎರಡೂ ಕಡೆ ಮಾಮೂಲಿ ಥ್ರೆಡ್. ಅಲ್ಲಿಗೆ ನಾಣ್ಯದ ಆಟ ಬಲಗಡೆಯಲ್ಲಿ ನಿಮ್ಮ ವಿರುದ್ಧ ನಡೆಯುತ್ತದೆ. ಬಲಗಡೆಯ ಕಪ್ ಬಿಚ್ಚಿಕೊಳ್ಳುತ್ತದೆ ಅನ್ನುವ ದೂರು ಇದಕ್ಕೆ ಅಂಟಿರುವುದು ಸುಮ್ನೆ ಅಲ್ಲ.

ಆದರೂ ಹೆದರಿ ಓಡಬೇಕಾಗಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಥ್ರೆಡ್ ಒರೆಸಿ ಚೊಕ್ಕ ಮಾಡಿ, ಬಲಗಡೆಯ ಕಪ್ಪಿಗೆ ನೀಲಿ ಥ್ರೆಡ್‌ಲಾಕರ್ (ಥ್ರೆಡ್ ಲೂಸ್ ಆಗದ ಹಾಗೆ ಹಿಡಿಯುವ ಅಂಟು) ಹಾಕಿ, ತಯಾರಕರು ಹೇಳಿದ ಟಾರ್ಕ್‌ನ, ಅಂದರೆ ಬಿಗಿಯುವ ಬಲದ, ಮೇಲಿನ ತುದಿಗೆ ಬಿಗಿದರೆ ಸಾಕು. ಮೊದಲ ಕೆಲವು ಸವಾರಿ ಆದಮೇಲೆ ಒಮ್ಮೆ ನೋಡಿಕೊಳ್ಳಿ. ಪಿನಾರೆಲ್ಲೋದವರು ತಮ್ಮ ಡೋಗ್ಮಾ ಅನ್ನುವ ಕಾರ್ಬನ್ ರೇಸ್ ಸೈಕಲ್ಲಿನಲ್ಲೂ ಇದೇ ಥ್ರೆಡ್ ಉಳಿಸಿಕೊಂಡಿದ್ದಾರೆ, ಅದರ ಮೇಲೆ ಟೂರ್ ಡಿ ಫ್ರಾನ್ಸ್ ಗೆದ್ದವರಿದ್ದಾರೆ. ಚೌಕ ತುದಿಯ ಕಾರ್ಟ್ರಿಡ್ಜ್ ಮತ್ತು 24 ಮಿ.ಮೀ.ಯ ಕಪ್ ಇಟಾಲಿಯನ್‌ಗೆ ಹೊಸದೇ ಸಿಗುತ್ತವೆ. ಆಯ್ಕೆ ಕಮ್ಮಿ, ಎಲ್ಲ ಅಂಗಡಿಯಲ್ಲೂ ಇಟ್ಟಿರುವುದಿಲ್ಲ, ಅಷ್ಟೇ. ಒಳ್ಳೆಯ ಇಟಾಲಿಯನ್ ಸ್ಟೀಲ್ ಫ್ರೇಮ್ ಸಿಕ್ಕರೆ ಥ್ರೆಡ್ ನೋಡಿ ಬಿಡಬೇಡಿ. ಹೊಸ ಫ್ರೇಮ್ ಮಾಡಿಸುವಾಗ ಮಾತ್ರ ಇದನ್ನು ಕೇಳಿ ಹಾಕಿಸಿಕೊಳ್ಳಲು ನನಗೆ ಯಾವ ಕಾರಣವೂ ಕಾಣುವುದಿಲ್ಲ.

ಫ್ರೆಂಚ್ ಮತ್ತು ಸ್ವಿಸ್

ಎರಡಕ್ಕೂ 35 ಮಿ.ಮೀ. ವ್ಯಾಸ, 1 ಮಿ.ಮೀ. ಥ್ರೆಡ್, 68 ಅಗಲ. ಒಂದೇ ಒಂದು ವ್ಯತ್ಯಾಸ: ಫ್ರೆಂಚ್‌ನಲ್ಲಿ ಎರಡೂ ಕಡೆ ಮಾಮೂಲಿ (ನನ್ನ ಬಲಗಡೆಯ ಬಿಎಸ್‌ಎ ಕಪ್ ಹಿಡಿಯದೇ ಹೋದದ್ದು ಇದಕ್ಕೇ), ಸ್ವಿಸ್‌ನಲ್ಲಿ ಬಲಗಡೆ ಉಲ್ಟಾ. ಹಾಗಾಗಿ ಎಡಗಡೆಯ ಕಪ್ ಅದಲು ಬದಲು ಮಾಡಬಹುದು, ಬಲಗಡೆಯದು ಆಗುವುದಿಲ್ಲ. ಹಳೆಯ ಪೂಜೋ ಸೈಕಲ್‌ಗಳಲ್ಲಿ ಫ್ರೆಂಚ್ ಥ್ರೆಡ್ ಇರುತ್ತದೆ, ಮೋಟೋಬೆಕಾನ್‌ನ ಕೆಲವು ಮಾಡೆಲ್‌ಗಳಲ್ಲಿ ಸ್ವಿಸ್ ಬರುತ್ತದೆ. ಅಂದರೆ ಫ್ರಾನ್ಸಿನ ಫ್ರೇಮ್ ಆದ ಮಾತ್ರಕ್ಕೆ ಫ್ರೆಂಚ್ ಥ್ರೆಡ್ ಅಂತ ಹೇಳುವ ಹಾಗಿಲ್ಲ.

ಬಿಡಿಭಾಗ ಸಿಗುವುದು ಕಷ್ಟ, ಸಿಕ್ಕರೂ ಒಬ್ಬಿಬ್ಬರು ತಯಾರಕರದ್ದು. ಟ್ಯಾಪ್, ಅಂದರೆ ಥ್ರೆಡ್ ಕೊರೆಯುವ ಟೂಲ್, ಇಟ್ಟುಕೊಂಡವರು ಇನ್ನೂ ಅಪರೂಪ. ಇಂಥ ಫ್ರೇಮ್ ಕೊಳ್ಳುವುದಾದರೆ ಒಂದು ಷರತ್ತು ಹಾಕಿಕೊಳ್ಳಿ: ಹಳೆಯ ಕಪ್‌ಗಳು ಫ್ರೇಮಿನಲ್ಲೇ ಇರಬೇಕು, ಒಳಮೈಯಲ್ಲಿ ಗುಂಡು ಓಡಿದ ಜಾಡು ನುಣ್ಣಗಿರಬೇಕು. ಹಾಗಿದ್ದರೆ ಹೊಸ ಗುಂಡು, ಹೊಸ ಗ್ರೀಸು ಸಾಕು. ಸಾಮಾನ್ಯವಾಗಿ ಒಂದೊಂದು ಕಡೆ ಕಾಲಿಂಚಿನ ಹನ್ನೊಂದು ಗುಂಡುಗಳು, ಅವು ಯಾವ ದೇಶದ ಥ್ರೆಡ್ಡಿಗೂ ಒಂದೇ. ಕಪ್ ಇಲ್ಲದ ಬರಿಯ ಫ್ರೆಂಚ್ ಫ್ರೇಮನ್ನು ಆ ಸೈಕಲ್ ಮೇಲೆ ವಿಶೇಷ ಪ್ರೀತಿ ಇದ್ದವರು ಮಾತ್ರ ತಗೊಳ್ಳಲಿ.

ರ್‍ಯಾಲಿ ಕಂಪನಿಯ ಹಳೆಯ ನಾಟಿಂಗ್‌ಹ್ಯಾಮ್ ಸೈಕಲ್‌ಗಳದ್ದೂ ಇದೇ ಕಥೆ. ಇಂಚಿಗೆ 26 ಥ್ರೆಡ್, ಶೆಲ್ ಅಗಲ 71 ಅಥವಾ 76. ಬಿಎಸ್‌ಎ ಕಪ್ ಒಂದೆರಡು ಸುತ್ತು ಹಿಡಿದು ನಿಲ್ಲುತ್ತದೆ. ಅಲ್ಲಿಗೆ ನಿಲ್ಲಿಸಿ, ನನ್ನ ಹಾಗೆ ಮಾಡಿಸಬೇಡಿ. ಆ ಕಪ್‌ಗಳು ಗಟ್ಟಿ ಸ್ಟೀಲಿನವು, ತೊಳೆದು ಗ್ರೀಸ್ ಹಾಕಿದರೆ ನಿಮಗಿಂತ ಜಾಸ್ತಿ ದಿನ ಬಾಳುತ್ತವೆ.

ಟಿ47

ಹೊಸ ಫ್ರೇಮ್ ನೋಡುತ್ತಿರುವವರ ನಿಜವಾದ ಗೊಂದಲ ಇಲ್ಲಿದೆ. ಇದು ಹುಟ್ಟಿದ ಕಾರಣ ತಿಳಿದರೆ ಆಯ್ಕೆ ಸುಲಭವಾಗುತ್ತದೆ. ನಡುವೆ ಒಂದು ಕಾಲದಲ್ಲಿ ಥ್ರೆಡ್ಡೇ ಬೇಡ, ಬೇರಿಂಗನ್ನು ಒತ್ತಿ ಕೂರಿಸೋಣ ಅಂತ ಪ್ರೆಸ್‌ಫಿಟ್ ಬಂತು. ಬಿಬಿ30, ಪಿಎಫ್30, ಬಿಬಿ86 ಎಲ್ಲ ಆ ಬಳಗದವು. ಶೆಲ್ ದೊಡ್ಡದಾಯಿತು, ತೂಕ ಇಳಿಯಿತು, ಕಾರ್ಬನ್ ಫ್ರೇಮ್ ಮಾಡುವುದು ಸುಲಭವಾಯಿತು. ಆದರೆ ಒತ್ತಿ ಕೂರಿಸುವಾಗ ಶೆಲ್ಲಿನ ಅಳತೆ ಕೂದಲೆಳೆಯಷ್ಟು ತಪ್ಪಿದರೂ ಪೆಡಲ್ ಒತ್ತಿದಾಗಲೆಲ್ಲ ಟಕ್ ಟಕ್ ಅಂತ ಶಬ್ದ ಶುರು. ಏರಿನಲ್ಲಿ ಆ ಶಬ್ದ ಕೇಳುತ್ತಾ ಹೋಗುವುದು ಒಂದು ಹಿಂಸೆ.

ಕ್ರಿಸ್ ಕಿಂಗ್ ಮತ್ತು ಆರ್ಗೊನಾಟ್ ಕಂಪನಿಯವರು ಆಗ ಮಾಡಿದ ಉಪಾಯ ಸರಳವಾಗಿತ್ತು. ಪಿಎಫ್30 ಶೆಲ್ಲಿನ ಒಳವ್ಯಾಸ 46 ಮಿ.ಮೀ. ಅದರ ಗೋಡೆಗೇ 47 ವ್ಯಾಸದ, 1 ಮಿ.ಮೀ. ಥ್ರೆಡ್ ಕೊರೆದರೆ ಹೇಗೆ? ಶೆಲ್ಲಿನ ದೊಡ್ಡ ಬಾಯಿಯೂ ಉಳಿಯಿತು, ಥ್ರೆಡ್ಡೂ ಬಂತು. ಬಲಗಡೆ ಉಲ್ಟಾ, ಬಿಎಸ್‌ಎ ಥರಾನೇ. ಲೋಹದ ಪಿಎಫ್30 ಫ್ರೇಮ್ ಇದ್ದು, ಗೋಡೆ ಸಾಕಷ್ಟು ದಪ್ಪ ಇದ್ದರೆ, ಅದನ್ನು ಟಿ47 ಮಾಡಿಸಬಹುದು. ಬರಿಯ ಕಾರ್ಬನ್ ಶೆಲ್ಲಿಗೆ ಆ ಯೋಚನೆ ಬೇಡ.

30 ಮಿ.ಮೀ. ಆಕ್ಸಲ್ ಬೇಕೇ ಬೇಕು ಅನ್ನುವವರಿಗೆ ಟಿ47ನಲ್ಲಿ ದೊಡ್ಡ ಬೇರಿಂಗ್ ಹಿಡಿಸುತ್ತದೆ. ಬ್ರೇಕ್, ಗೇರ್ ಕೇಬಲ್ಲನ್ನು ಫ್ರೇಮಿನೊಳಗೆ ಹಾಯಿಸಲೂ ಜಾಗ ಸಿಗುತ್ತದೆ. ಕಿರಿಕಿರಿ ಎಲ್ಲಿ ಅಂದರೆ, ಇದರಲ್ಲೂ ಅಗಲ ಒಂದಲ್ಲ. 68 ಮತ್ತು 73ರ ಶೆಲ್ಲಿಗೆ ಬೇರಿಂಗ್ ಹೊರಗೆ ಕೂರುವ ಕಪ್, 86.5ರ ಶೆಲ್ಲಿಗೆ ಒಳಗೆ ಕೂರುವ ಕಪ್, ಟ್ರೆಕ್ ಕಂಪನಿಯವರದ್ದು 85.5. "ಟಿ47 ಕಪ್ ಕೊಡಿ" ಅಂದರೆ ಸಾಲದು, ಅಗಲವನ್ನೂ ಆಕ್ಸಲ್ ದಪ್ಪವನ್ನೂ ಹೇಳಬೇಕು. ಟೂಲ್ ಕೂಡ ಎಲ್ಲ ಕಪ್ಪಿಗೂ ಒಂದೇ ಆಗುವುದಿಲ್ಲ. ಬೆಲೆಯೂ ಬಿಎಸ್‌ಎಗಿಂತ ಜಾಸ್ತಿ.

ದೊಡ್ಡ ಕಂಪನಿಗಳು ಎತ್ತ ತಿರುಗಿದವು ನೋಡಿ. ಟ್ರೆಕ್ ತನ್ನ ಬಿಬಿ90 ಅನ್ನುವ ಥ್ರೆಡ್ ಇಲ್ಲದ ಬಿಬಿ ಬಿಟ್ಟು ಟಿ47ಗೆ ಬಂತು. ಸ್ಪೆಷಲೈಜ್ಡ್ 2020ರ ಟಾರ್ಮ್ಯಾಕ್ ಎಸ್ಎಲ್7 ಅನ್ನುವ ರೇಸ್ ಸೈಕಲ್ಲಿನಲ್ಲಿ ಸೀದಾ ಬಿಎಸ್‌ಎಗೇ ವಾಪಸಾಯಿತು. ಅಂದಮೇಲೆ ಎರಡಕ್ಕೂ ಮುಂದೆ ಬಿಡಿಭಾಗದ ಭಯವಿಲ್ಲ.

ನಿಮ್ಮ ಫ್ರೇಮಿನಲ್ಲಿರುವುದು ಯಾವುದು

ಬಿಚ್ಚುವ ಮೊದಲೇ ಕಪ್ಪಿನ ಮುಖದ ಮೇಲೆ ಓದಿ. 1.37×24, 36×24, 35×1 ಅಂತ ಕೊರೆದಿರುವುದು ಎಷ್ಟೋ ಸಲ ಕಾಣುತ್ತದೆ. ಇಲ್ಲದಿದ್ದರೆ ಶೆಲ್ಲಿನ ಅಗಲವನ್ನು ವರ್ನಿಯರ್‌ನಲ್ಲಿ ಅಳೆಯಿರಿ, ಕಪ್ಪಿನ ಅಂಚನ್ನು ಸೇರಿಸಿಕೊಳ್ಳದೆ. ಬಾಯಿ ಟಿ47ನಷ್ಟು ದೊಡ್ಡದಿಲ್ಲದ ಶೆಲ್ಲಿನಲ್ಲಿ 70 ಬಂದರೆ ಇಟಾಲಿಯನ್, 73 ಬಂದರೆ ಬಿಎಸ್‌ಎ, 71 ಅಥವಾ 76 ಬಂದರೆ ಹಳೆಯ ರ್‍ಯಾಲಿ ಇರಬಹುದು. ಪೇಂಟ್ ದಪ್ಪಕ್ಕೆ ಅರ್ಧ ಮಿ.ಮೀ. ಆಚೀಚೆ ಆಗಬಹುದು. 68 ಬಂದರೆ ಬಿಎಸ್‌ಎ, ಫ್ರೆಂಚ್, ಸ್ವಿಸ್ ಮೂರರಲ್ಲಿ ಯಾವುದೂ ಆಗಿರಬಹುದು. ಆಗ ಬಲಗಡೆಯ ಥ್ರೆಡ್ ಯಾವ ಕಡೆಗೆ ಓರೆಯಾಗಿದೆ ಅಂತ ಟಾರ್ಚ್ ಬಿಟ್ಟು ನೋಡಿ. ಮಾಮೂಲಿ ಇದ್ದರೆ ಫ್ರೆಂಚ್. ಉಲ್ಟಾ ಇದ್ದರೆ ಬಿಎಸ್‌ಎ ಅಥವಾ ಸ್ವಿಸ್, ಆಗ ಥ್ರೆಡ್ ಗೇಜ್ (ಥ್ರೆಡ್ಡಿನ ಅಂತರ ಅಳೆಯುವ ಹಲ್ಲಿನ ಪಟ್ಟಿ) ಇಟ್ಟು ಪರೀಕ್ಷೆ ಮಾಡಲೇಬೇಕು. ಗೇಜ್ ಇಲ್ಲದಿದ್ದರೆ ಒಂದು ಹಳೆಯ ಬಿಎಸ್‌ಎ ಕಪ್ಪನ್ನು ಬೆರಳಲ್ಲಿ, ನೆನಪಿಡಿ ಬೆರಳಲ್ಲಿ ಮಾತ್ರ, ತಿರುಗಿಸಿ. ಥ್ರೆಡ್ ಚೊಕ್ಕವಾಗಿದ್ದೂ ನಾಲ್ಕು ಸುತ್ತಿನೊಳಗೆ ಬಿಗಿಯಾದರೆ ಅದು ಬಿಎಸ್‌ಎ ಅಲ್ಲ.

ಹಾಗಾದರೆ ಯಾರಿಗೆ ಯಾವುದು

ದಿನಾ ಓಡಾಡಲು, ದೂರದ ಪ್ರವಾಸಕ್ಕೆ, ಎಲ್ಲೋ ಸಿಕ್ಕಿಹಾಕಿಕೊಂಡರೂ ಬಿಡಿಭಾಗ ಸಿಗಬೇಕು ಅನ್ನುವವರಿಗೆ ಬಿಎಸ್‌ಎ. ಬಜೆಟ್ ಕಮ್ಮಿ ಇದ್ದರೂ ಅದೇ, ಜಾಸ್ತಿ ಇದ್ದರೂ ನಾನು ಮೊದಲು ಅದನ್ನೇ ಹೇಳುತ್ತೇನೆ. ಕೈಯಲ್ಲಿ ಆಗಲೇ 30 ಮಿ.ಮೀ.ಯ ಒಳ್ಳೆಯ ಕ್ರ್ಯಾಂಕ್ ಇದೆ, ಕೇಬಲ್ ಎಲ್ಲ ಒಳಗೇ ಹೋಗಬೇಕು, ಹೊಸ ಟೂಲ್ ಕೊಳ್ಳಲು ಬೇಜಾರಿಲ್ಲ ಅನ್ನುವವರಿಗೆ ಟಿ47. ಕ್ರ್ಯಾಂಕ್ 24 ಮಿ.ಮೀ.ಯದ್ದಾದರೆ ಬರೀ ಟಿ47 ಅನ್ನುವ ಕಾರಣಕ್ಕೆ ಹೆಚ್ಚು ದುಡ್ಡು ಕೊಡಬೇಡಿ, ಕಾಲಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಹಳೆಯ ಸೈಕಲ್ ಕಟ್ಟುವ ಹುಚ್ಚಿದ್ದರೆ ಇಟಾಲಿಯನ್ ನಿಶ್ಚಿಂತೆ, ಫ್ರೆಂಚ್, ಸ್ವಿಸ್, ರ್‍ಯಾಲಿ ಮಾತ್ರ ಕಪ್ ಸಮೇತ. ಪ್ರೆಸ್‌ಫಿಟ್ ಫ್ರೇಮ್ ಅರ್ಧ ಬೆಲೆಗೆ ಸಿಕ್ಕರೆ? ಬೇಡ ಅನ್ನಲಾರೆ. ಎರಡು ಕಪ್ ಶೆಲ್ಲಿನೊಳಗೆ ಒಂದಕ್ಕೊಂದು ಥ್ರೆಡ್ ಆಗಿ ಬಿಗಿದುಕೊಳ್ಳುವ ಬಿಬಿಗಳು ಸಿಗುತ್ತವೆ, ಎಷ್ಟೋ ಸಲ ಶಬ್ದ ನಿಲ್ಲುತ್ತದೆ. ಆ ಖರ್ಚನ್ನೂ ಸೇರಿಸಿ ಲೆಕ್ಕ ಹಾಕಿ.

ಥ್ರೆಡ್ ಆಗಲೇ ಹೋಗಿರುವ ಸ್ಟೀಲ್ ಫ್ರೇಮ್ ಇದ್ದವರಿಗೆ ಎರಡು ದಾರಿ. ಅಗ್ಗದ್ದು, ಥ್ರೆಡ್ ಇಲ್ಲದೆ ಶೆಲ್ಲಿನೊಳಗೆ ಹಿಗ್ಗಿ ಕಚ್ಚಿಕೊಳ್ಳುವ ಕಾರ್ಟ್ರಿಡ್ಜ್. ಇನ್ನೊಂದು, ಶೆಲ್ಲನ್ನು ಇಟಾಲಿಯನ್‌ಗೆ ಕೊರೆಸುವುದು. 36 ಮಿ.ಮೀ. ಥ್ರೆಡ್ಡಿನ ತಳ ಶುರುವಾಗುವುದೇ ಹತ್ತಿರ ಹತ್ತಿರ ಬಿಎಸ್‌ಎ, ಫ್ರೆಂಚ್ ಥ್ರೆಡ್ ಮುಗಿಯುವ ಜಾಗದಲ್ಲಿ, ಹಾಗಾಗಿ ಹಳೆಯ ಗಾಯ ಬಹುಪಾಲು ಅಳಿಸಿಹೋಗಿ ಹೊಸ ಥ್ರೆಡ್ ಗಟ್ಟಿಯಾಗಿ ಬರುತ್ತದೆ. ಶೆಲ್ 70ರ ಬದಲು 68 ಇರುವುದರಿಂದ ಆಕ್ಸಲ್ ಉದ್ದ, ಸ್ಪೇಸರ್ ನೋಡಿಕೊಳ್ಳಬೇಕು. ಒಮ್ಮೆ ಕೊರೆದರೆ ಹಿಂದಕ್ಕೆ ದಾರಿಯಿಲ್ಲ.

ನನ್ನ ಫ್ರೆಂಚ್ ಫ್ರೇಮ್ ಈಗ ಹಾಗೇ ಇಟಾಲಿಯನ್ ಆಗಿ ಓಡುತ್ತಿದೆ. ಮುಂದೆ ಯಾರು ಬಿಚ್ಚಿದರೂ ಗೊತ್ತಾಗಲಿ ಅಂತ ಶೆಲ್ಲಿನ ಅಡಿಯಲ್ಲಿ ಪೇಂಟ್ ಪೆನ್ನಿನಿಂದ 36×24 ಅಂತ ದಪ್ಪಗೆ ಬರೆದಿಟ್ಟಿದ್ದೇನೆ.